ಸ್ವಂತ ಸರ್ವರ್ ಕೆಟ್ಟಾಗ ಫೋನಿಗೆ ಸುದ್ದಿ ಮುಟ್ಟುವುದು ಹೇಗೆ?

ಮನೆಯ ಫೋಟೊಗಳನ್ನೆಲ್ಲ ನಾನು ಸ್ವಂತ ಸರ್ವರಿನಲ್ಲಿ ಇಟ್ಟಿದ್ದೇನೆ. ದಿನಾ ರಾತ್ರಿ ಎರಡು ಗಂಟೆಗೆ ಅವುಗಳ ಬ್ಯಾಕಪ್ ತಾನಾಗಿಯೇ ಇನ್ನೊಂದು ಡಿಸ್ಕಿಗೆ ಹೋಗುತ್ತಿದೆ ಎಂದುಕೊಂಡಿದ್ದೆ. ಒಂದು ದಿನ ಕೈತಪ್ಪಿ ಅಳಿಸಿದ ಫೋಟೊಗಾಗಿ ಬ್ಯಾಕಪ್ ತೆರೆದರೆ ಕೊನೆಯ ಪ್ರತಿ 19 ದಿನ ಹಳೆಯದು. ಲಾಗ್ ಫೈಲಿನಲ್ಲಿ ಹತ್ತೊಂಬತ್ತು ರಾತ್ರಿಯೂ ಒಂದೇ ಸಾಲು ಬಿದ್ದಿತ್ತು: ‘ಡಿಸ್ಕಿನಲ್ಲಿ ಜಾಗ ಉಳಿದಿಲ್ಲ’. ಸರ್ವರ್ ಹೇಳಬೇಕಾದ್ದನ್ನು ಪ್ರತಿದಿನ ಹೇಳಿತ್ತು. ಅದು ಹೇಳಿದ್ದು ನನಗೆ ಕೇಳಿಸುವ ಜಾಗದಲ್ಲಿ ಅಲ್ಲ, ಅಷ್ಟೇ.

ಆ ಮಾತು ಜೇಬಿನಲ್ಲಿರುವ ಫೋನಿನವರೆಗೆ ಬರುವಂತೆ ಮಾಡುವುದು ಕಷ್ಟದ ಕೆಲಸವಲ್ಲ. ಆದರೆ ಅದು ಬರುವ ದಾರಿ ಹೇಗಿದೆ ಎಂದು ತಿಳಿಯದೆ ಜೋಡಿಸಿದರೆ, ಬೇಕಾದ ಹೊತ್ತಿಗೇ ಅದು ಕೈಕೊಡುತ್ತದೆ. ಹಾಗಾಗಿ ಮೊದಲು ದಾರಿ ನೋಡೋಣ, ಆಮೇಲೆ ಜೋಡಣೆ.

## ಇಲ್ಲಿ ಕಾವಲುಗಾರ ನೀವೇ

ಫೋಟೊ, ಪಾಸ್‌ವರ್ಡ್, ಕಡತಗಳನ್ನು ದೊಡ್ಡ ಕಂಪನಿಗಳಿಗೆ ಒಪ್ಪಿಸದೆ ಮನೆಯ ಯಂತ್ರದಲ್ಲೋ ಬಾಡಿಗೆಗೆ ಪಡೆದ ಸಣ್ಣ ಸರ್ವರಿನಲ್ಲೋ ನಾವೇ ನಡೆಸುವುದಕ್ಕೆ ಸೆಲ್ಫ್ ಹೋಸ್ಟಿಂಗ್ ಎನ್ನುತ್ತಾರೆ. ಕಡತಗಳಿಗೆ ನೆಕ್ಸ್ಟ್‌ಕ್ಲೌಡ್, ಸಿನಿಮಾಗಳಿಗೆ ಜೆಲ್ಲಿಫಿನ್, ಪಾಸ್‌ವರ್ಡ್‌ಗಳಿಗೆ ವಾಲ್ಟ್‌ವಾರ್ಡನ್, ಮನೆಯ ಉಪಕರಣಗಳಿಗೆ ಹೋಮ್ ಅಸಿಸ್ಟೆಂಟ್ ಇವೆಲ್ಲ ಹೀಗೆ ನಡೆಯುವ ತಂತ್ರಾಂಶಗಳು. ಕಂಪನಿಯ ಸೇವೆಯಾದರೆ ಯಂತ್ರ ಕೆಟ್ಟಾಗ ಎದ್ದು ನೋಡುವವರು ಪಾಳಿಯ ಮೇಲೆ ಇರುತ್ತಾರೆ. ಇಲ್ಲಿ ಆ ಪಾಳಿ ನಿಮ್ಮೊಬ್ಬರದೇ, ಅದೂ ನಿದ್ದೆ, ಪ್ರಯಾಣ, ಕೆಲಸಗಳ ನಡುವೆ.

ಲಿನಕ್ಸ್ ಸರ್ವರಿನಲ್ಲಿ ಸಮಯಕ್ಕೆ ಸರಿಯಾಗಿ ಕೆಲಸ ಮಾಡಿಸುವ ಕ್ರಾನ್ ಎಂಬ ವ್ಯವಸ್ಥೆ ಬಹಳ ಹಿಂದಿನಿಂದಲೂ ತನ್ನ ವರದಿಯನ್ನು ಇಮೇಲಿನಲ್ಲಿ ಕಳಿಸುತ್ತ ಬಂದಿದೆ. ಮನೆಯ ಸರ್ವರಿನಲ್ಲಿ ಆ ಇಮೇಲ್ ಸಾಮಾನ್ಯವಾಗಿ ಯಂತ್ರದೊಳಗಿನ ಯಾರೂ ತೆರೆಯದ ಅಂಚೆಪೆಟ್ಟಿಗೆಯಲ್ಲೇ ಬೀಳುತ್ತದೆ. ಹೊರಗೆ ಕಳಿಸೋಣ ಎಂದರೆ ಅನೇಕ ಇಂಟರ್‌ನೆಟ್ ಕಂಪನಿಗಳು ಮೇಲ್ ಹೋಗುವ 25ನೇ ಪೋರ್ಟನ್ನೇ ಮುಚ್ಚಿರುತ್ತವೆ. ತಲುಪಿದರೂ ಅದು ಸ್ಪ್ಯಾಮ್ ಪೆಟ್ಟಿಗೆಗೆ ಹೋಗುವ ಸಾಧ್ಯತೆಯೇ ಹೆಚ್ಚು. ಪುಶ್ ನೋಟಿಫಿಕೇಶನ್ ಬೇಕಾಗುವುದು ಈ ಕಾರಣಕ್ಕೆ.

## ಮಲಗಿರುವ ಫೋನನ್ನು ಎಬ್ಬಿಸುವುದು ಸುಲಭವಲ್ಲ

ಪತ್ರ ಬಂತೇ ಎಂದು ಗಂಟೆಗೊಮ್ಮೆ ಗೇಟಿನವರೆಗೆ ನಡೆದು ನೋಡಿ ಬರುವುದು ಒಂದು ಬಗೆ. ಅಂಚೆಯವರೇ ಬಂದು ಬೆಲ್ ಒತ್ತುವುದು ಇನ್ನೊಂದು ಬಗೆ. ಮೊದಲನೆಯದು ಪುಲ್, ಅಂದರೆ ನಾವೇ ಹೋಗಿ ಕೇಳುವುದು. ಎರಡನೆಯದು ಪುಶ್, ಸುದ್ದಿಯೇ ನಮ್ಮನ್ನು ಹುಡುಕಿಕೊಂಡು ಬರುವುದು.

ಬೆಲ್ ಒತ್ತಬೇಕಾದರೆ ಮನೆಯ ವಿಳಾಸ ಗೊತ್ತಿರಬೇಕಲ್ಲ? ತೊಡಕು ಇರುವುದು ಇಲ್ಲೇ. ಫೋನಿಗೆ ಖಾಯಂ ವಿಳಾಸವಿಲ್ಲ. ವೈ-ಫೈಯಿಂದ ಮೊಬೈಲ್ ಡೇಟಾಗೆ ಬಂದರೆ ಐಪಿ ವಿಳಾಸ ಬದಲಾಗುತ್ತದೆ. ಮೊಬೈಲ್ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಎಷ್ಟೋ ಗ್ರಾಹಕರನ್ನು ಇಟ್ಟಿರುತ್ತವೆ. ಹೊರಗಿನಿಂದ ಯಾರೂ ನಿಮ್ಮ ಫೋನಿಗೆ ನೇರವಾಗಿ ಬಂದು ತಟ್ಟುವಂತಿಲ್ಲ.

ಆದ್ದರಿಂದ ಫೋನೇ ಮೊದಲು ಹೊರಗಿನ ಒಂದು ಸರ್ವರಿಗೆ ಕರೆ ಮಾಡಿ, ಆ ಕರೆಯನ್ನು ಕತ್ತರಿಸದೆ ಹಿಡಿದುಕೊಂಡೇ ಇರುತ್ತದೆ. ಆಗಾಗ ‘ಇದ್ದೀಯಾ?’ ‘ಇದ್ದೇನೆ’ ಎಂಬಷ್ಟು ಮಾತು ನಡೆಯುತ್ತದೆ. ಸುದ್ದಿ ಬಂದಾಗ ತೆರೆದೇ ಇರುವ ಈ ತಂತಿಯಲ್ಲಿ ಆ ಸರ್ವರ್ ಅದನ್ನು ದಾಟಿಸುತ್ತದೆ. ಹೊರಗಿನಿಂದ ತಳ್ಳಿದಂತೆ ಕಂಡರೂ ದಾರಿ ತೆರೆದಿಟ್ಟದ್ದು ಫೋನೇ.

## ನಡುವೆ ಗೂಗಲ್, ಆಪಲ್ ಯಾಕೆ?

ಫೋನಿನಲ್ಲಿ ಐವತ್ತು ಆ್ಯಪ್ ಇದ್ದು, ಪ್ರತಿಯೊಂದೂ ತನ್ನದೇ ಕರೆ ಹಿಡಿದು ಕೂತರೆ ಬ್ಯಾಟರಿ ಸಂಜೆಯವರೆಗೂ ಬಾಳುವುದಿಲ್ಲ. ಅದಕ್ಕೇ ಎಲ್ಲ ಆ್ಯಪ್‌ಗಳಿಗೂ ಸೇರಿ ಒಂದೇ ಸಂಪರ್ಕ ಎಂಬ ಏರ್ಪಾಡು ಬಂತು. ಆಪಲ್ 2009ರಲ್ಲಿ ಇದನ್ನು ಆರಂಭಿಸಿತು. ಗೂಗಲ್‌ನದು 2010ರಲ್ಲಿ ಬಂದು, ಎರಡು ಸಲ ಹೆಸರು ಬದಲಿಸಿ, 2016ರಿಂದ ಫೈರ್‌ಬೇಸ್ ಕ್ಲೌಡ್ ಮೆಸೇಜಿಂಗ್ ಎಂಬ ಹೆಸರಿನಲ್ಲಿದೆ. ಯಾವ ಆ್ಯಪ್‌ಗೆ ಸುದ್ದಿ ಬಂದರೂ ಮೊದಲು ಆ ಕಂಪನಿಯ ಸರ್ವರಿಗೆ ಹೋಗುತ್ತದೆ, ಅಲ್ಲಿಂದ ಫೋನಿಗೆ ಬರುತ್ತದೆ. ಒಂದು ದೊಡ್ಡ ಕಟ್ಟಡದ ಎಲ್ಲ ಮನೆಗಳ ಪತ್ರವನ್ನೂ ಬಾಗಿಲಿನ ಒಬ್ಬರೇ ಕಾವಲುಗಾರರು ಪಡೆದು ಹಂಚಿದ ಹಾಗೆ.

ಸ್ವಂತ ಸರ್ವರ್ ಇಟ್ಟುಕೊಂಡವರಿಗೆ ಕಷ್ಟ ಆಗುವುದು ಇಲ್ಲಿ. ಆ ಕಾವಲುಗಾರರಿಗೆ ಪತ್ರ ಕೊಡಲು ಗುರುತಿನ ಕೀಲಿ ಬೇಕು, ಅದು ಇರುವುದು ಆ್ಯಪ್ ತಯಾರಿಸಿದವರ ಹತ್ತಿರ. ಅದನ್ನು ಅವರು ಸಿಕ್ಕಸಿಕ್ಕವರಿಗೆ ಹಂಚುವಂತಿಲ್ಲ. ಹಂಚಿದರೆ ಯಾರು ಬೇಕಾದರೂ ಆ ಆ್ಯಪ್ ಬಳಸುವ ಎಲ್ಲರಿಗೂ ಸಂದೇಶ ಕಳಿಸಬಹುದು. ಅದಕ್ಕಾಗಿ ತಯಾರಕರು ನಡುವೆ ತಮ್ಮದೊಂದು ರಿಲೇ ಸರ್ವರ್ ಇಡುತ್ತಾರೆ. ನಿಮ್ಮ ನೆಕ್ಸ್ಟ್‌ಕ್ಲೌಡ್ ಮೊದಲು ನೆಕ್ಸ್ಟ್‌ಕ್ಲೌಡ್ ತಂಡದ ರಿಲೇಗೆ ಹೇಳುತ್ತದೆ, ಅದು ಗೂಗಲ್ ಅಥವಾ ಆಪಲ್‌ಗೆ ಹೇಳುತ್ತದೆ. ವಾಲ್ಟ್‌ವಾರ್ಡನ್ ನಡೆಸುವವರು ಫೋನಿಗೆ ಪುಶ್ ಬೇಕೆಂದರೆ ಅದರ ಜೊತೆ ಬಳಸುವ ಫೋನ್ ಆ್ಯಪ್ ತಯಾರಿಸಿದ ಬಿಟ್‌ವಾರ್ಡನ್ ಕಂಪನಿಯಿಂದ ಒಂದು ಗುರುತುಸಂಖ್ಯೆ ಮತ್ತು ಕೀಲಿ ಪಡೆಯಬೇಕಾದದ್ದೂ ಇದೇ ಕಾರಣಕ್ಕೆ.

ಗೋಪ್ಯತೆಯ ವಿಚಾರವೂ ಇದರಲ್ಲೇ ಬರುತ್ತದೆ. 2023ರ ಡಿಸೆಂಬರ್‌ನಲ್ಲಿ ಅಮೆರಿಕದ ಸೆನೆಟರ್ ರಾನ್ ವೈಡನ್ ಅಲ್ಲಿನ ನ್ಯಾಯ ಇಲಾಖೆಗೆ ಪತ್ರ ಬರೆದು, ಸರ್ಕಾರಗಳು ಪುಶ್ ನೋಟಿಫಿಕೇಶನ್‌ಗಳ ದಾಖಲೆಯನ್ನು ಆಪಲ್ ಮತ್ತು ಗೂಗಲ್‌ನಿಂದ ಕೇಳುತ್ತಿವೆ ಎಂದು ಬಹಿರಂಗಪಡಿಸಿದರು. ಸಂದೇಶದ ಒಳಗಿರುವುದನ್ನು ಗೂಢಲಿಪಿಯಲ್ಲಿ ಮುಚ್ಚಬಹುದು. ಆದರೆ ಯಾವ ಆ್ಯಪ್‌ನಿಂದ ಯಾವ ಫೋನಿಗೆ ಎಷ್ಟು ಹೊತ್ತಿಗೆ ಬಂತು ಎಂಬುದು ನಡುವಿನವರಿಗೆ ಗೊತ್ತಾಗುತ್ತದೆ.

## ಸ್ವಂತದ್ದೇ ಒಂದು ಅಂಚೆಕಚೇರಿ

ಗೋಟಿಫೈ ಮತ್ತು ಎನ್‌ಟಿಎಫ್‌ವೈ (ಇದನ್ನು ‘ನೋಟಿಫೈ’ ಎಂದೇ ಓದುತ್ತಾರೆ) ಈ ಕೆಲಸಕ್ಕೆಂದೇ ಇರುವ ಎರಡು ಮುಕ್ತ ತಂತ್ರಾಂಶಗಳು. ಇವುಗಳಲ್ಲಿ ಸಂದೇಶ ಹಂಚುವ ಸರ್ವರೂ ನಿಮ್ಮದೇ. ನಿಮ್ಮ ಆಂಡ್ರಾಯ್ಡ್ ಫೋನಿನ ಆ್ಯಪ್ ಆ ಸರ್ವರಿಗೇ ನೇರವಾಗಿ ಸಂಪರ್ಕ ಹಿಡಿದಿರುತ್ತದೆ. ನಡುವೆ ಗೂಗಲ್ ಬರುವುದೇ ಇಲ್ಲ.

ಗೋಟಿಫೈಯಲ್ಲಿ ಕಳಿಸುವ ಪ್ರತಿ ತಂತ್ರಾಂಶಕ್ಕೂ ಒಂದು ಟೋಕನ್, ಪಡೆಯುವ ಪ್ರತಿ ಸಾಧನಕ್ಕೂ ಇನ್ನೊಂದು. ಟೋಕನ್ ಅಂದರೆ ಯಂತ್ರಗಳ ನಡುವಿನ ಪಾಸ್‌ವರ್ಡ್. ರಚನೆ ಅಚ್ಚುಕಟ್ಟಾಗಿದೆ, ಆದರೆ ಐಫೋನಿಗೆ ಅವರದೇ ಆದ ಆ್ಯಪ್ ಇಲ್ಲ. ಎನ್‌ಟಿಎಫ್‌ವೈಯಲ್ಲಿ ಎಲ್ಲವೂ ಟಾಪಿಕ್ ಎಂಬುದರ ಮೇಲೆ ನಿಂತಿದೆ. ಟಾಪಿಕ್ ಅಂದರೆ ಒಂದು ಹೆಸರಿನ ಸೂಚನಾಫಲಕ ಎಂದುಕೊಳ್ಳಿ. ‘ಬ್ಯಾಕಪ್’ ಎಂಬ ಫಲಕದ ಮೇಲೆ ಸರ್ವರಿನ ಸ್ಕ್ರಿಪ್ಟ್ (ತಾನಾಗಿ ನಡೆಯುವ ಕಮಾಂಡುಗಳ ಪಟ್ಟಿ) ಸಂದೇಶ ಬರೆಯುತ್ತದೆ, ಆ ಫಲಕಕ್ಕೆ ಚಂದಾದಾರರಾದ ಫೋನುಗಳೆಲ್ಲ ಗುಂಯ್ ಎನ್ನುತ್ತವೆ. ಹೊಸಬರಿಗೆ ನಾನು ಹೇಳುವುದು ಎನ್‌ಟಿಎಫ್‌ವೈಯನ್ನೇ. ಐಫೋನ್ ಇರುವವರು ಮನೆಯಲ್ಲಿದ್ದರಂತೂ ಯೋಚಿಸುವುದೇ ಬೇಡ.

ಇದರದೇ ಸಾರ್ವಜನಿಕ ಸರ್ವರ್ ಕೂಡ ಇದೆ, ಖಾತೆ ತೆರೆಯದೆಯೂ ಬಳಸಬಹುದು. ಆದರೆ ಅಲ್ಲಿ ಟಾಪಿಕ್ ಹೆಸರು ಗೊತ್ತಿದ್ದವರೆಲ್ಲ ಅದನ್ನು ಓದಬಲ್ಲರು. ಹೆಸರೇ ಪಾಸ್‌ವರ್ಡ್ ಇದ್ದಂತೆ. ಪ್ರಯೋಗಕ್ಕೆ ಬಳಸುವುದಾದರೂ ಯಾರೂ ಊಹಿಸಲಾಗದ ಉದ್ದನೆಯ ಹೆಸರಿಡಿ.

## ಜೋಡಿಸುವುದು ಹೇಗೆ

ಮೊದಲ ಪ್ರಶ್ನೆ ಜಾಗದ್ದು. ಈ ಸರ್ವರ್ ನೀವು ಹೊರಗಿದ್ದಾಗಲೂ ಫೋನಿಗೆ ಸಿಗಬೇಕು. ಮನೆಯ ಇಂಟರ್‌ನೆಟ್‌ಗೆ ಸಾರ್ವಜನಿಕ ವಿಳಾಸವಿದ್ದರೆ ಮನೆಯಲ್ಲೇ ಇಡಬಹುದು. ಇಲ್ಲದಿದ್ದರೆ ಸಾರ್ವಜನಿಕ ವಿಳಾಸವಿರುವ ಇನ್ನೊಂದು ಯಂತ್ರದ ಮೂಲಕ ಹಾಯುವ ವೈರ್‌ಗಾರ್ಡ್‌ನಂಥ ವಿಪಿಎನ್‌ನಲ್ಲಿ, ಅಂದರೆ ಖಾಸಗಿ ಸುರಂಗದಂಥ ಸಂಪರ್ಕದಲ್ಲಿ, ತಲುಪಬೇಕು, ಅಥವಾ ಹೊರಗೆ ಬಾಡಿಗೆಯ ಸಣ್ಣ ಸರ್ವರಿನಲ್ಲಿ ಇಡಬೇಕು. ಸಾಧ್ಯವಾದರೆ ಈ ಕೊನೆಯದೇ ಒಳ್ಳೆಯದು, ಯಾಕೆಂದು ಮುಂದೆ ಬರುತ್ತದೆ.

ತಂತ್ರಾಂಶಗಳನ್ನು ಸಿದ್ಧ ಡಬ್ಬಿಗಳಂತೆ ನಡೆಸುವ ಡಾಕರ್‌ನಲ್ಲಿ ಎನ್‌ಟಿಎಫ್‌ವೈ ಏರಿಸುವುದು ಕೆಲವೇ ಸಾಲಿನ ಕೆಲಸ. ತಪ್ಪಾಗುವುದು ಸೆಟ್ಟಿಂಗ್‌ಗಳಲ್ಲಿ. ಬೇಸ್ ಯುಆರ್‌ಎಲ್ ಎಂಬಲ್ಲಿ ಹೊರಗಿನಿಂದ ಕಾಣುವ ಪೂರ್ತಿ ವಿಳಾಸವನ್ನು ಎಚ್‌ಟಿಟಿಪಿಎಸ್ ಸಮೇತ ಕೊಡಿ. ಮುಂದೆ ಎಂಜಿನ್‌ಎಕ್ಸ್‌ನಂಥ ರಿವರ್ಸ್ ಪ್ರಾಕ್ಸಿ ಇದ್ದರೆ, ಅಂದರೆ ಹೊರಗಿನವರನ್ನು ಬಾಗಿಲಲ್ಲಿ ಎದುರುಗೊಂಡು ಸರಿಯಾದ ತಂತ್ರಾಂಶಕ್ಕೆ ದಾಟಿಸುವ ಪದರ ಇದ್ದರೆ, ಪ್ರಾಕ್ಸಿಯ ಹಿಂದಿದ್ದೇನೆ ಎಂಬ ಸೆಟ್ಟಿಂಗ್ ಆನ್ ಮಾಡಿ. ಇಲ್ಲವಾದರೆ ಬಂದವರೆಲ್ಲ ಒಂದೇ ವಿಳಾಸದವರು ಎಂದು ಭಾವಿಸಿ ಅದು ಎಲ್ಲರಿಗೂ ಸೇರಿಸಿ ಮಿತಿ ಹಾಕುತ್ತದೆ. ಆ ಪ್ರಾಕ್ಸಿಯಲ್ಲೂ ಎರಡು ಕೆಲಸವಿದೆ: ವೆಬ್‌ಸಾಕೆಟ್ ಎಂಬ ತೆರೆದೇ ಇರುವ ಸಂಪರ್ಕಕ್ಕೆ ಅವಕಾಶ ಕೊಡಬೇಕು, ಬಫರಿಂಗ್ ನಿಲ್ಲಿಸಬೇಕು. ಬಫರಿಂಗ್ ಇದ್ದರೆ ಸಂದೇಶವನ್ನು ಪ್ರಾಕ್ಸಿ ಕೈಯಲ್ಲೇ ಹಿಡಿದುಕೊಂಡು ಕೂರಬಹುದು. ಎನ್‌ಟಿಎಫ್‌ವೈ 45 ಸೆಕೆಂಡಿಗೊಮ್ಮೆ ‘ಇದ್ದೇನೆ’ ಎನ್ನುತ್ತದೆ. ಪ್ರಾಕ್ಸಿಯ ಕಾಯುವ ಅವಧಿ ಅದಕ್ಕಿಂತ ಕಡಿಮೆ ಇದ್ದರೆ ಸಂಪರ್ಕ ಪದೇಪದೇ ಕಡಿಯುತ್ತದೆ.

ಆಮೇಲೆ ಬಾಗಿಲು ಭದ್ರ ಮಾಡಿ. ಅನುಮತಿಯ ಮೂಲ ಸೆಟ್ಟಿಂಗ್ ‘ಎಲ್ಲರಿಗೂ ನಿರಾಕರಣೆ’ ಇರಲಿ. ಫೋನಿಗೆ ಓದಲು ಮಾತ್ರ ಬಿಡುವ ಖಾತೆ, ಸ್ಕ್ರಿಪ್ಟಿಗೆ ಬರೆಯಲು ಮಾತ್ರ ಬಿಡುವ ಟೋಕನ್ ಮಾಡಿ. ಆ ಟೋಕನ್ ಕದ್ದವರು ಸುಳ್ಳು ಅಲರ್ಟ್ ಕಳಿಸಬಹುದೇ ಹೊರತು ನಿಮ್ಮ ಹಳೆಯ ಸಂದೇಶಗಳನ್ನು ಓದಲಾರರು.

ಇನ್ನು ಕಳಿಸುವುದು. ಎನ್‌ಟಿಎಫ್‌ವೈಗೆ ಸಂದೇಶ ಅಂದರೆ ಒಂದು ಮಾಮೂಲಿ ವೆಬ್ ವಿನಂತಿ. ಕರ್ಲ್ ಎಂಬ ಪುಟ್ಟ ಕಮಾಂಡಿನ ಒಂದೇ ಸಾಲಿನಲ್ಲಿ ಮುಗಿಯುತ್ತದೆ: ಸರ್ವರಿನ ವಿಳಾಸ, ಅದಕ್ಕೆ ಅಂಟಿಕೊಂಡು ಟಾಪಿಕ್ ಹೆಸರು, ಜೊತೆಗೆ ಹೇಳಬೇಕಾದ ಮಾತು. ಶೀರ್ಷಿಕೆ, ತುರ್ತಿನ ಮಟ್ಟ, ಒತ್ತಿದಾಗ ತೆರೆಯಬೇಕಾದ ಪುಟ, ಇವನ್ನೆಲ್ಲ ಹೆಡರ್‌ಗಳಲ್ಲಿ, ಅಂದರೆ ವಿನಂತಿಯ ಜೊತೆ ಹೋಗುವ ಹೆಚ್ಚುವರಿ ಸಾಲುಗಳಲ್ಲಿ, ಸೇರಿಸಬಹುದು. ಸಂದೇಶವನ್ನು ಕನ್ನಡದಲ್ಲೇ ಬರೆಯಬಹುದು. ಮೂಲ ಮಿತಿ 4096 ಬೈಟ್. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು, ಹಾಗಾಗಿ ಸುಮಾರು 1,365 ಚಿಹ್ನೆ ಹಿಡಿಸುತ್ತದೆ. ಅಲರ್ಟಿಗೆ ಅದು ಧಾರಾಳ.

ಈ ಸಾಲನ್ನು ಬ್ಯಾಕಪ್ ಸ್ಕ್ರಿಪ್ಟಿನಲ್ಲಿ ಎಲ್ಲಿ ಇಡಬೇಕು? ಲಿನಕ್ಸ್‌ನಲ್ಲಿ ಪ್ರತಿ ಕಮಾಂಡ್ ಮುಗಿಯುವಾಗ ಒಂದು ಸಂಖ್ಯೆ ಬಿಟ್ಟುಹೋಗುತ್ತದೆ. 0 ಇದ್ದರೆ ಕೆಲಸ ಸರಿಯಾಗಿದೆ, ಬೇರೆ ಏನಿದ್ದರೂ ಎಡವಟ್ಟಾಗಿದೆ. ಆ ಸಂಖ್ಯೆ 0 ಅಲ್ಲದಿದ್ದರೆ ಮಾತ್ರ ಅಲರ್ಟ್ ಹೋಗಲಿ. ನನ್ನ ಹತ್ತೊಂಬತ್ತು ರಾತ್ರಿಗಳಲ್ಲಿ ಮೊದಲನೆಯ ರಾತ್ರಿಯೇ ಆ ಸಂಖ್ಯೆ ಬದಲಾಗಿತ್ತು. ‘ಬ್ಯಾಕಪ್ ಆಗಲಿಲ್ಲ’ ಎಂದು ಬರೆದು ಬಿಡಬೇಡಿ. ಯಾವ ಯಂತ್ರ, ಯಾವ ಕೆಲಸ, ಲಾಗ್‌ನ ಕೊನೆಯ ಸಾಲು ಏನು ಎಂಬ ಮೂರೂ ಇರಲಿ. ಮಧ್ಯರಾತ್ರಿ ಕಣ್ಣುಜ್ಜಿಕೊಂಡು ಓದುವವರಿಗೆ ಈಗಲೇ ಏಳಬೇಕೋ ಬೆಳಿಗ್ಗೆ ನೋಡಿದರೆ ಸಾಕೋ ಎಂದು ಅಷ್ಟರಲ್ಲೇ ತಿಳಿಯಬೇಕು.

ಸ್ಕ್ರಿಪ್ಟ್ ಬರೆಯಲು ಬಾರದವರಿಗೂ ದಾರಿಯಿದೆ. ಅಪ್‌ಟೈಮ್ ಕುಮಾ ಎಂಬ ತಂತ್ರಾಂಶ ನಿಮ್ಮ ಸೇವೆಗಳ ಬಾಗಿಲನ್ನು ನಿಮಿಷಕ್ಕೊಮ್ಮೆ ತಟ್ಟಿ ನೋಡುತ್ತದೆ. ಅದರ ಸೆಟ್ಟಿಂಗ್‌ನಲ್ಲಿ ಎನ್‌ಟಿಎಫ್‌ವೈ, ಗೋಟಿಫೈ ಎರಡೂ ಇವೆ. ವಿಳಾಸ ಮತ್ತು ಟೋಕನ್ ತುಂಬಿದರೆ ಸಾಕು.

## ಆಂಡ್ರಾಯ್ಡ್ ನಿದ್ದೆ, ಐಫೋನ್ ನಿಯಮ

ಸರ್ವರ್ ಸರಿಯಿದ್ದೂ ಅಲರ್ಟ್ ತಡವಾದರೆ ಮೊದಲು ನೋಡಬೇಕಾದ್ದು ಫೋನಿನ ಬ್ಯಾಟರಿ ಸೆಟ್ಟಿಂಗ್. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಡೋಜ್ ಎಂಬ ಏರ್ಪಾಡು ಇದೆ. ಸ್ಕ್ರೀನ್ ಆರಿ, ಚಾರ್ಜರ್ ಇಲ್ಲದೆ, ಅಲುಗಾಡದೆ ಫೋನ್ ಬಿದ್ದಿದ್ದರೆ ಅದು ಆ್ಯಪ್‌ಗಳ ನೆಟ್‌ವರ್ಕ್ ಬಳಕೆಯನ್ನು ತಡೆದು, ನಡುನಡುವೆ ಮಾತ್ರ ಸ್ವಲ್ಪ ಹೊತ್ತು ಬಿಡುತ್ತದೆ. ಗೂಗಲ್ ಮೂಲಕ ಬರುವ ತುರ್ತು ಸಂದೇಶಕ್ಕೆ ವಿನಾಯಿತಿ ಇದೆ. ನಿಮ್ಮ ಸ್ವಂತ ಸಂಪರ್ಕಕ್ಕೆ ಆ ವಿನಾಯಿತಿಯನ್ನು ನೀವೇ ಕೊಡಬೇಕು, ಅಂದರೆ ಆ ಆ್ಯಪ್‌ನ ಬ್ಯಾಟರಿ ಆಪ್ಟಿಮೈಸೇಶನ್ ತೆಗೆಯಬೇಕು. ಆಂಡ್ರಾಯ್ಡ್ 13ರಿಂದ ಈಚೆಗೆ ನೋಟಿಫಿಕೇಶನ್ ತೋರಿಸಲೂ ಪ್ರತಿ ಆ್ಯಪ್ ಅನುಮತಿ ಕೇಳುತ್ತದೆ, ಅದನ್ನೂ ಕೊಟ್ಟಿದ್ದೀರಾ ನೋಡಿ. ಎನ್‌ಟಿಎಫ್‌ವೈಯ ಒಂದು ಸಣ್ಣ ನೋಟಿಫಿಕೇಶನ್ ಸದಾ ಮೇಲೆ ಇರುತ್ತದೆ. ಸಂಪರ್ಕ ಹಿಡಿದಿದ್ದೇನೆ ಎಂಬ ಸೂಚನೆ ಅದು. ಕಿರಿಕಿರಿ ಎನಿಸಿದರೂ ಅದು ಹಾಗೇ ಇರಲಿ.

ಯೂನಿಫೈಡ್‌ಪುಶ್ ಎಂಬ ಮಾತು ಕಿವಿಗೆ ಬಿದ್ದಿರಬಹುದು. ಗೂಗಲ್ ಮಾಡುವ ‘ಎಲ್ಲರಿಗೂ ಒಂದೇ ಸಂಪರ್ಕ’ದ ಕೆಲಸವನ್ನು ನೀವು ಆರಿಸಿದ ಆ್ಯಪ್‌ಗೆ ಒಪ್ಪಿಸುವ ಮುಕ್ತ ಪದ್ಧತಿ ಅದು. ಎನ್‌ಟಿಎಫ್‌ವೈ ಆ ಹಂಚುವವನ ಪಾತ್ರ ವಹಿಸಬಲ್ಲದು. ಆಗ ಎಲಿಮೆಂಟ್‌ನಂಥ ಚಾಟ್ ಆ್ಯಪ್‌ನ ನೋಟಿಫಿಕೇಶನ್ ಕೂಡ ನಿಮ್ಮ ಸರ್ವರಿನ ಮೂಲಕವೇ ಬರುತ್ತದೆ.

ಐಫೋನಿನಲ್ಲಿ ಯಾವ ಆ್ಯಪ್ ಕೂಡ ಹಿನ್ನೆಲೆಯಲ್ಲಿ ಹೀಗೆ ಸಂಪರ್ಕ ಹಿಡಿದು ಕೂರುವಂತಿಲ್ಲ. ಆಪಲ್ ಮೂಲಕವೇ ಬರಬೇಕು. ಇದಕ್ಕೆ ಎನ್‌ಟಿಎಫ್‌ವೈ ಮಾಡಿಕೊಂಡ ಉಪಾಯ ಸೊಗಸಾಗಿದೆ. ಅಪ್‌ಸ್ಟ್ರೀಮ್ ಸೆಟ್ಟಿಂಗ್‌ನಲ್ಲಿ ಅವರ ಸಾರ್ವಜನಿಕ ಸರ್ವರಿನ ವಿಳಾಸ ಕೊಟ್ಟರೆ, ನಿಮ್ಮ ಸರ್ವರ್ ಅಲ್ಲಿಗೆ ಸಂದೇಶವನ್ನು ಕಳಿಸುವುದಿಲ್ಲ. ಸಂದೇಶದ ಗುರುತು, ಜೊತೆಗೆ ಟಾಪಿಕ್ ವಿಳಾಸದಿಂದ ಲೆಕ್ಕಹಾಕಿದ ಒಂದು ಹ್ಯಾಶ್ (ವಿಳಾಸವನ್ನು ನೇರವಾಗಿ ತೋರಿಸದ ಅಕ್ಷರಗಳ ಸಾಲು), ಇವೆರಡು ಮಾತ್ರ ಹೋಗುತ್ತವೆ. ಅದು ಆಪಲ್ ಮೂಲಕ ಐಫೋನನ್ನು ಎಬ್ಬಿಸುತ್ತದೆ, ಎದ್ದ ಐಫೋನ್ ನಿಮ್ಮ ಸರ್ವರಿಗೇ ಬಂದು ಸಂದೇಶ ಓದಿಕೊಳ್ಳುತ್ತದೆ. ‘ನಿಮಗೊಂದು ಪತ್ರ ಬಂದಿದೆ, ಹೋಗಿ ತೆಗೆದುಕೊಳ್ಳಿ’ ಎಂಬ ಚೀಟಿ ಮಾತ್ರ ಬೇರೆಯವರ ಕೈದಾಟುತ್ತದೆ, ಪತ್ರ ಅಲ್ಲ.

ಮೂರನೆಯ ದಾರಿ ವೆಬ್ ಪುಶ್. 2016ರ ಆರ್‌ಎಫ್‌ಸಿ 8030 ಎಂಬ ಮಾನಕ ಇದಕ್ಕೆ ಬುನಾದಿ. ಇದರಲ್ಲಿ ಆ್ಯಪ್ ತಯಾರಕರ ಕೀಲಿಯ ಹಂಗಿಲ್ಲ. ನಿಮ್ಮ ಸರ್ವರ್ ತನ್ನದೇ ಕೀಲಿಜೋಡಿ ಮಾಡಿಕೊಂಡು ಬ್ರೌಸರಿಗೆ ಸಂದೇಶ ಕಳಿಸುತ್ತದೆ. ಒಳಗಿನ ಮಾತು ಗೂಢಲಿಪಿಯಲ್ಲಿರುವುದರಿಂದ ನಡುವಿನ ಬ್ರೌಸರ್ ಕಂಪನಿ ಅದನ್ನು ಓದಲಾರದು. ಐಫೋನಿನಲ್ಲಿ ಇದು 2023ರ ಐಒಎಸ್ 16.4ರಿಂದ ಇದೆ, ಆದರೆ ಆ ವೆಬ್‌ಪುಟವನ್ನು ಹೋಮ್ ಸ್ಕ್ರೀನಿಗೆ ಸೇರಿಸಿಕೊಂಡಿರಬೇಕು.

## ಎಲ್ಲದಕ್ಕೂ ಕೂಗಿದರೆ

ಮೊದಲ ವಾರ ಎಲ್ಲರೂ ಎಲ್ಲಕ್ಕೂ ಅಲರ್ಟ್ ಹಾಕುತ್ತಾರೆ. ಎರಡನೆಯ ವಾರ ಫೋನ್ ಗುಂಯ್ ಎಂದರೂ ನೋಡುವುದಿಲ್ಲ. ಎನ್‌ಟಿಎಫ್‌ವೈಯಲ್ಲಿ ತುರ್ತಿನ 5 ಮಟ್ಟಗಳಿವೆ. 1 ಮತ್ತು 2 ಸದ್ದಿಲ್ಲದೆ ಬರುತ್ತವೆ, 3 ಮಾಮೂಲಿ, 5 ಬಂದರೆ ಫೋನ್ ಬಹಳ ಹೊತ್ತು ಕಂಪಿಸುತ್ತದೆ. ನನ್ನಲ್ಲಿ 5ನೇ ಮಟ್ಟ ಇರುವುದು ಎರಡಕ್ಕೇ: ಡಿಸ್ಕ್ ಸಾಯುವ ಲಕ್ಷಣ ತೋರಿಸಿದಾಗ, ಯುಪಿಎಸ್ ಬ್ಯಾಟರಿಗೆ ಬಂದಾಗ. ಬ್ಯಾಕಪ್ ತಪ್ಪಿದರೆ 4. ಅಪ್‌ಡೇಟ್ ಬಂದಿದೆ ಎಂಬುದಕ್ಕೆ 1.

ಸರ್ವರ್ ರೀಸ್ಟಾರ್ಟ್ ಆದಾಗ ಎರಡು ನಿಮಿಷ ಎಲ್ಲ ಸೇವೆಯೂ ಸತ್ತಂತೆ ಕಾಣುತ್ತದೆ. ಅಪ್‌ಟೈಮ್ ಕುಮಾದಲ್ಲಿ ಮರುಪ್ರಯತ್ನದ ಸಂಖ್ಯೆಯನ್ನು 3 ಎಂದಿಟ್ಟರೆ, ಮತ್ತೆ ಮತ್ತೆ ತಟ್ಟಿಯೂ ಉತ್ತರ ಬಾರದಿದ್ದಾಗ ಮಾತ್ರ ಕೂಗುತ್ತದೆ. ಇನ್ನೊಂದು ಮಾತು: ಅಲರ್ಟಿನ ಬರಹ ಲಾಕ್ ಸ್ಕ್ರೀನಿನ ಮೇಲೆ ಎಲ್ಲರಿಗೂ ಕಾಣುತ್ತದೆ. ಪಾಸ್‌ವರ್ಡ್, ಟೋಕನ್ ಅದರಲ್ಲಿ ಬಾರದಂತೆ ನೋಡಿಕೊಳ್ಳಿ.

## ಅಲರ್ಟ್ ಬರಲಿಲ್ಲ ಎಂದರೆ ಏನರ್ಥ?

ಒಂದು ವಾರ ಫೋನ್ ಸುಮ್ಮನಿದೆ ಎನ್ನಿ. ಎಲ್ಲ ಸರಿಯಿರಬಹುದು. ಕರೆಂಟ್ ಹೋಗಿ ಸರ್ವರೇ ಆರಿರಬಹುದು, ಆಗ ಕೂಗುವವರೇ ಇಲ್ಲ. ಕ್ರಾನ್ ನಿಂತುಹೋಗಿ ಸ್ಕ್ರಿಪ್ಟ್ ಶುರುವೇ ಆಗದಿರಬಹುದು, ಶುರುವಾಗದ ಕೆಲಸ ವಿಫಲವೂ ಆಗುವುದಿಲ್ಲ. ಈ ಮೂರೂ ನಿಮಗೆ ಕೇಳಿಸುವುದು ಒಂದೇ ರೀತಿ.

ಇದಕ್ಕೆ ಪರಿಹಾರ ಲೆಕ್ಕವನ್ನು ತಿರುಗಿಸುವುದು. ದೂರದಲ್ಲಿರುವ ಮಗಳು ದಿನಾ ರಾತ್ರಿ ಒಂಬತ್ತಕ್ಕೆ ಕರೆ ಮಾಡುತ್ತಾಳೆ. ಒಂಬತ್ತೂವರೆಯಾದರೂ ಕರೆ ಬರದಿದ್ದರೆ ನೀವೇ ಫೋನ್ ಎತ್ತಿಕೊಳ್ಳುತ್ತೀರಿ. ಹೆಲ್ತ್‌ಚೆಕ್ಸ್ ಎಂಬ ಮುಕ್ತ ತಂತ್ರಾಂಶ ಮಾಡುವುದೂ ಇದನ್ನೇ. ಬ್ಯಾಕಪ್ ಸರಿಯಾಗಿ ಮುಗಿದಾಗ ಸ್ಕ್ರಿಪ್ಟ್ ಅದರ ಒಂದು ವಿಳಾಸವನ್ನು ತಟ್ಟಿ ಬರುತ್ತದೆ. ಗೊತ್ತುಮಾಡಿದ ಅವಧಿ, ಅದರ ಮೇಲೆ ಒಂದಿಷ್ಟು ರಿಯಾಯಿತಿ ಸಮಯ, ಎರಡೂ ಕಳೆದರೂ ತಟ್ಟದಿದ್ದರೆ ಅದು ಅಲರ್ಟ್ ಕಳಿಸುತ್ತದೆ. ಅಪ್‌ಟೈಮ್ ಕುಮಾದಲ್ಲೂ ಪುಶ್ ಎಂಬ ಮಾನಿಟರ್ ಬಗೆ ಇದೇ ಕೆಲಸ ಮಾಡುತ್ತದೆ. ಕಾಯುವ ಈ ತಂತ್ರಾಂಶ ಮಾತ್ರ ಅದೇ ಯಂತ್ರದಲ್ಲಿ ಇರಬಾರದು.

ಇಷ್ಟೆಲ್ಲ ಜೋಡಿಸಿದ ಮೇಲೆ ಒಂದು ಭಾನುವಾರ ಬೇಕೆಂದೇ ಮನೆಯ ರೌಟರಿನ ಕೇಬಲ್ ಕಿತ್ತೆ. ಹೊರಗಿನ ಹೆಲ್ತ್‌ಚೆಕ್ಸ್‌ಗೆ ಸರ್ವರ್ ಬಂದು ತಟ್ಟಬೇಕಾದ ಗಡುವು 15 ನಿಮಿಷ. ಮೊಬೈಲ್ ಡೇಟಾ ಆನ್ ಮಾಡಿ ಕಾದೆ. 15 ನಿಮಿಷ ಆಯಿತು, 20 ಆಯಿತು, ಫೋನ್ ಅಲುಗಾಡಲಿಲ್ಲ. ಹೆಲ್ತ್‌ಚೆಕ್ಸ್ ಪುಟ ತೆರೆದರೆ ಅಲ್ಲಿ ಕೆಂಪು ಗುರುತು ಬಿದ್ದಿತ್ತು, ಅಲರ್ಟೂ ಹೊರಟಿತ್ತು. ಅದು ಹೊರಟದ್ದು ನನ್ನ ಎನ್‌ಟಿಎಫ್‌ವೈ ಸರ್ವರಿಗೆ, ಮತ್ತು ಆ ಸರ್ವರ್ ಇದ್ದದ್ದು ಕಿತ್ತ ಕೇಬಲ್ಲಿನ ಆಚೆ ಬದಿಯಲ್ಲಿ. ಅಂದು ಸಂಜೆಯೇ ಎನ್‌ಟಿಎಫ್‌ವೈಯನ್ನು ಹೊರಗಿನ ಬಾಡಿಗೆ ಸರ್ವರಿಗೆ ಸಾಗಿಸಿ, ಹೆಲ್ತ್‌ಚೆಕ್ಸ್‌ಗೆ ಎರಡನೆಯ ದಾರಿಯಾಗಿ ಇಮೇಲನ್ನೂ ಸೇರಿಸಿ, ಕೇಬಲ್ ಮತ್ತೆ ಕಿತ್ತೆ. ಈ ಸಲ ಹದಿನಾರನೇ ನಿಮಿಷಕ್ಕೆ ಫೋನ್ ಕಂಪಿಸಿತು.